ಮೊದಲು ಬಟ್ಟೆಯನ್ನು ಬಕೆಟ್ಟಿಗೆ ಹಾಕಿ: ಮಲೆನಾಡಿನ ಗುಡ್ಡ ಹತ್ತುವವರಿಗೆ ಒಬ್ಬ ಟೈಲರಕ್ಕನ ಮಾತು

ಸಾಗರದಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. 1996ರಿಂದ ಅದೇ ಮಶೀನಿನ ಮುಂದೆ ಕೂತಿದ್ದೇನೆ. ಮಳೆಗಾಲ ಶುರುವಾದರೆ ಶನಿವಾರ ಬೆಳಿಗ್ಗೆ ಬೆಂಗಳೂರಿನ ಮಕ್ಕಳು ಅಂಗಡಿಗೆ ಬರುತ್ತಾರೆ. ಯಾರದೋ ಪ್ಯಾಂಟಿನ ಹೊಲಿಗೆ ಬಿಟ್ಟಿರುತ್ತದೆ, ಯಾರದೋ ರೇನ್‌ಕೋಟಿನ ಜಿಪ್ ಕಿತ್ತಿರುತ್ತದೆ. "ಅಕ್ಕಾ, ಬೇಗ ಒಂದು ಹೊಲಿಗೆ ಹಾಕಿಕೊಡಿ, ಕೊಡಚಾದ್ರಿಗೆ ಹೋಗ್ಬೇಕು" ಅನ್ನುತ್ತಾರೆ. ಹೊಲಿಯುತ್ತಾ ಅವರು ಹಾಕಿಕೊಂಡ ಬಟ್ಟೆ ನೋಡುತ್ತೇನೆ. ಹತ್ತರಲ್ಲಿ ಆರು ಜನ ಜೀನ್ಸ್ ಹಾಕಿರುತ್ತಾರೆ. ನನಗೆ ಹೊಟ್ಟೆಯಲ್ಲಿ ಕಳವಳ ಶುರುವಾಗುತ್ತದೆ. ಅದಕ್ಕೆ ಕಾರಣವಿದೆ.

2011ರ ಆಗಸ್ಟಿನಲ್ಲಿ ನಾನು ಮೊದಲ ಸಲ ಕೊಡಚಾದ್ರಿಯನ್ನು ನಡೆದು ಹತ್ತಿದೆ. ಜೊತೆಗೆ ಅಕ್ಕನ ಮಗಳಿದ್ದಳು, ಅವಳಿಗೆ ಆಗ ಹದಿನೇಳು. ನಿಟ್ಟೂರಿನ ಕಡೆಯಿಂದ ಹಿಡ್ಲುಮನೆ ಜಲಪಾತದ ದಾರಿ ಹಿಡಿದೆವು. ನಾನು ಕಾಟನ್ ಚೂಡಿದಾರ್, ಅವಳು ಜೀನ್ಸ್ ಮತ್ತು ಕಾಟನ್ ಟೀ ಶರ್ಟ್. ಕಾಡೊಳಗೆ ನಡೆಯುವಾಗ ಏನೂ ಅನ್ನಿಸಲಿಲ್ಲ. ಮೈ ಬೆಚ್ಚಗಿತ್ತು, ಮಳೆ ಹಿತವಾಗಿತ್ತು. ಮೇಲೆ ಸರ್ವಜ್ಞ ಪೀಠದ ಹತ್ತಿರ ಬಯಲಿಗೆ ಬಂದೆವು ನೋಡಿ, ಅಲ್ಲಿ ಗಾಳಿ ಹಿಡಿಯಿತು. ಹತ್ತು ನಿಮಿಷದಲ್ಲಿ ಹುಡುಗಿ ಮಾತು ನಿಲ್ಲಿಸಿದಳು. ನೀರಿನ ಬಾಟಲಿಯ ಮುಚ್ಚಳ ತಿರುಗಿಸಲು ಬೆರಳು ಬಗ್ಗುತ್ತಿರಲಿಲ್ಲ. ತುಟಿ ನೀಲಿಯಾಗಿತ್ತು. ಹೇಗೋ ಕೆಳಗೆ ದೇವಸ್ಥಾನದ ಹತ್ತಿರದ ಮನೆಗೆ ಕರೆದುಕೊಂಡು ಹೋದೆ. ಆ ಮನೆಯಮ್ಮ ಒಂದು ಮಾತೂ ಕೇಳದೆ ಒದ್ದೆ ಬಟ್ಟೆ ಪೂರ್ತಿ ತೆಗೆಸಿದರು. ಕರಿ ಕಂಬಳಿ ಸುತ್ತಿ ಒಲೆಯ ಮುಂದೆ ಕೂರಿಸಿದರು, ಬಿಸಿ ಕಷಾಯ ಕೊಟ್ಟರು. ಅರ್ಧ ಗಂಟೆ ಕಳೆದ ಮೇಲೆ "ಚಿಕ್ಕಮ್ಮ, ಹಸಿವು" ಅಂದಳು. ಆಗ ನನ್ನ ಜೀವ ಬಂತು.

ಆಗಸ್ಟಿನ ಕೊಡಚಾದ್ರಿ ಹಿಮಾಲಯದಷ್ಟು ಚಳಿಯ ಜಾಗವಲ್ಲ. ಎತ್ತರ 1343 ಮೀಟರ್ ಅಷ್ಟೆ. ಸಾವಿರ ಮೀಟರ್ ಏರಿದರೆ ಸುಮಾರು ಆರು ಡಿಗ್ರಿ ಚಳಿ ಜಾಸ್ತಿ ಆಗುತ್ತದೆ. ನಾವು ಏರಿದ್ದು ಅದಕ್ಕಿಂತ ಕಡಿಮೆ. ಹಾಗಾದರೆ ಅವಳನ್ನು ಆ ಸ್ಥಿತಿಗೆ ತಂದದ್ದು ಯಾವುದು? ಒದ್ದೆ ಜೀನ್ಸ್ ಮತ್ತು ಗಾಳಿ. ಹದಿನೈದು ವರ್ಷ ಬಟ್ಟೆಯ ಕೆಲಸ ಮಾಡಿದ ನನಗೆ ಅದು ಮೊದಲೇ ಹೊಳೆಯಬೇಕಿತ್ತು.

ಊರಿಗೆ ಬಂದ ಮೇಲೆ ಅದೇ ಜೀನ್ಸನ್ನು ಒಣಗಿಸಿ ಪಕ್ಕದ ದಿನಸಿ ಅಂಗಡಿಯ ತಕ್ಕಡಿಯಲ್ಲಿ ತೂಗಿದೆ. 650 ಗ್ರಾಂ. ಬಕೆಟ್ಟಿನಲ್ಲಿ ನೆನೆಸಿ, ಕೈಯಲ್ಲಿ ಆದಷ್ಟು ಹಿಂಡಿ ಮತ್ತೆ ತೂಗಿದೆ. 1 ಕೆ.ಜಿ. 300 ಗ್ರಾಂ. ನನ್ನ ಮಗನ ಆಟದ ಪಾಲಿಯೆಸ್ಟರ್ ಪ್ಯಾಂಟು ಒಣಗಿದ್ದಾಗ 230 ಗ್ರಾಂ, ನೆನೆಸಿ ಹಿಂಡಿದ ಮೇಲೆ 310. ಅವತ್ತಿನಿಂದ ಚಾರಣದ ಬಟ್ಟೆಯ ಬಗ್ಗೆ ಯಾರು ಕೇಳಿದರೂ ನಾನು ಮೊದಲು ಹೇಳುವುದು ಒಂದೇ: ಬಟ್ಟೆ ಒಣಗಿದಾಗ ಹೇಗಿದೆ ಅಂತ ನೋಡಬೇಡಿ, ಒದ್ದೆಯಾದಾಗ ಹೇಗಿರುತ್ತದೆ ಅಂತ ನೋಡಿ.

ಜೀನ್ಸ್ ಕೂಡ ಹತ್ತಿಯದೇ. ಹತ್ತಿಯ ಎಳೆ ನೀರನ್ನು ತನ್ನೊಳಗೇ ಕುಡಿಯುತ್ತದೆ. ಒಣಗಿದೆ ಅಂದುಕೊಂಡ ಹತ್ತಿ ಬಟ್ಟೆಯಲ್ಲೂ ಗಾಳಿಯಿಂದ ಎಳೆದುಕೊಂಡ ತೇವ ನೂರಕ್ಕೆ ಎಂಟರಷ್ಟು ಇರುತ್ತದೆ. ಪಾಲಿಯೆಸ್ಟರಿನಲ್ಲಿ ಅದು ನೂರಕ್ಕೆ ಅರ್ಧದಷ್ಟೂ ಇಲ್ಲ. ಅಲ್ಲಿ ನೀರು ಎಳೆಗಳ ಸಂದಿಯಲ್ಲಿ ನಿಲ್ಲುತ್ತದೆ, ಕೊಡವಿದರೆ ಹೋಗುತ್ತದೆ. ಇನ್ನು ನೀರು ಮೈಯ ಬಿಸಿಯನ್ನು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಜಾಸ್ತಿ ವೇಗದಲ್ಲಿ ಎಳೆದುಕೊಳ್ಳುತ್ತದೆ. ಒದ್ದೆ ಹತ್ತಿ ಮೈಗೆ ಅಂಟಿಕೊಂಡರೆ ನೀವು ತಿಂದ ಅವಲಕ್ಕಿಯ ಶಕ್ತಿಯೆಲ್ಲ ಆ ಬಟ್ಟೆ ಒಣಗಿಸುವುದಕ್ಕೇ ಹೋಗುತ್ತದೆ.

ಬಕೆಟ್ ಪರೀಕ್ಷೆ

ಹೊಸ ಪ್ಯಾಂಟೋ ಶರ್ಟೋ ತಂದ ದಿನ ಹೀಗೆ ಮಾಡಿ. ಹತ್ತು ನಿಮಿಷ ನೀರಲ್ಲಿ ಮುಳುಗಿಸಿಡಿ. ಗಟ್ಟಿಯಾಗಿ ಹಿಂಡಿ, ಎರಡು ಸಲ ಜಾಡಿಸಿ, ಹಾಗೇ ಹಾಕಿಕೊಳ್ಳಿ. ಮನೆಯ ಮೆಟ್ಟಿಲನ್ನು ಹತ್ತು ಸಲ ಹತ್ತಿ ಇಳಿಯಿರಿ. ಮಂಡಿಯ ಹತ್ತಿರ ಬಟ್ಟೆ ಹಿಡಿದು ಎಳೆಯುತ್ತಿದೆಯಾ? ತೊಡೆಯ ಒಳಗಡೆ ಉಜ್ಜುತ್ತಿದೆಯಾ? ಸೊಂಟದಿಂದ ಜಾರುತ್ತಿದೆಯಾ? ಆಮೇಲೆ ಬಿಸಿಲಿಲ್ಲದ ಜಗಲಿಯಲ್ಲಿ ಹರವಿ. ಎರಡು ಗಂಟೆ ಬಿಟ್ಟು ಮುಟ್ಟಿ ನೋಡಿ. ಸೊಂಟದ ಪಟ್ಟಿ ಮಾತ್ರ ತಣ್ಣಗಿದ್ದರೆ ಒಳ್ಳೆಯ ಬಟ್ಟೆ. ಕಾಲಿನ ಅಂಚಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿದ್ದರೆ ಅದನ್ನು ಊರಲ್ಲೇ ಹಾಕಿಕೊಳ್ಳಿ.

ಅಂಗಡಿಯಲ್ಲಿ ನಿಂತು ಬಕೆಟ್ ಕೇಳಲು ಆಗುವುದಿಲ್ಲ. ಅಲ್ಲಿ ಮೂರು ಕೆಲಸ ಮಾಡಬಹುದು. ಒಳಗಿನ ಚೀಟಿ ಓದಿ. ಪಾಲಿಯೆಸ್ಟರ್ ಅಥವಾ ನೈಲಾನ್ ಜಾಸ್ತಿ ಇದ್ದು, ಸ್ವಲ್ಪ ಸ್ಪಾಂಡೆಕ್ಸ್ (ರಬ್ಬರಿನಂತೆ ಹಿಗ್ಗುವ ಎಳೆ) ಸೇರಿದ್ದರೆ ಒಳ್ಳೆಯದು. ಎರಡನೆಯದು, ಬಟ್ಟೆಯನ್ನು ಬಾಯಿಗೆ ಹಿಡಿದು ಊದಿ. ಉಸಿರು ಸರಾಗವಾಗಿ ಆಚೆ ಹೋದರೆ ನಡೆಯುವಾಗ ಬೆವರು ಆರುತ್ತದೆ, ಆದರೆ ಬಯಲಲ್ಲಿ ಗಾಳಿಯೂ ಒಳಗೆ ಬರುತ್ತದೆ. ಆಗ ಮೇಲೆ ಹಾಕಲು ಇನ್ನೊಂದು ತೆಳು ಜಾಕೆಟ್ ಬೇಕು. ಮೂರನೆಯದು, ಎರಡು ಕಾಲು ಸೇರುವ ಜಾಗವನ್ನು ತಿರುವಿ ನೋಡಿ. ಅಲ್ಲಿ ನಾಲ್ಕು ಹೊಲಿಗೆ ಒಂದೇ ಬಿಂದುವಿಗೆ ಬಂದು ಸೇರಿದ್ದರೆ ಬಂಡೆ ಹತ್ತಲು ಕಾಲು ಎತ್ತಿದಾಗ ಬಿಡುವುದು ಅಲ್ಲೇ. ಚೌಕದ ಅಥವಾ ವಜ್ರಾಕಾರದ ತುಂಡೊಂದನ್ನು ಸೇರಿಸಿ ಹೊಲಿದಿದ್ದರೆ ಎಳೆತ ಹಂಚಿಹೋಗುತ್ತದೆ. ನನ್ನ ಅಂಗಡಿಗೆ ಬರುವ ಹರಿದ ಪ್ಯಾಂಟುಗಳಲ್ಲಿ ಆ ತುಂಡು ಇರುವುದು ನಾನು ನೋಡಿದ್ದೇ ಕಡಿಮೆ. ಇರುವ ಪ್ಯಾಂಟಿಗೂ ಅದನ್ನು ಸೇರಿಸಬಹುದು. ನಿಮ್ಮೂರಿನ ಟೈಲರಿಗೆ ಹೇಳಿದರೆ ಒಂದು ಗಂಟೆಯ ಕೆಲಸ.

ಚೀಟಿ ಇಲ್ಲದ ಬಟ್ಟೆಯಾದರೆ ಮನೆಗೆ ತಂದು ಅಂಚಿನಿಂದ ಒಂದು ದಾರ ಎಳೆದು ಸುಡಿ. ಕಾಗದ ಸುಟ್ಟ ವಾಸನೆ ಬಂದು ಬೂದಿ ಉಳಿದರೆ ಹತ್ತಿ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್ ಅಥವಾ ನೈಲಾನ್. ಕೂದಲು ಸುಟ್ಟ ವಾಸನೆ ಬಂದರೆ ಉಣ್ಣೆ ಅಥವಾ ರೇಷ್ಮೆ. ಪಾಲಿಯೆಸ್ಟರ್ ಕರಗುತ್ತದೆ ಅನ್ನುವುದು ನೆನಪಿರಲಿ. ಒಲೆಯ ಮುಂದೆ ಮೈ ಕಾಯಿಸುವಾಗ ಸ್ವಲ್ಪ ದೂರ ಕೂರಿ. ಕಿಡಿ ಬಿದ್ದರೆ ತೂತಾಗಿ ಚರ್ಮಕ್ಕೆ ಅಂಟುತ್ತದೆ.

ಹಾಗಂತ ಹತ್ತಿಯನ್ನು ನಾನು ಬೈಯುವುದಿಲ್ಲ. ಮಾರ್ಚಿನಲ್ಲಿ ಸಾವನದುರ್ಗದ ಬಂಡೆ, ಹಂಪಿಯ ಮಾತಂಗ ಬೆಟ್ಟ, ಬಾದಾಮಿಯ ಗುಡ್ಡ ಇಂಥ ಕಡೆ ಸಡಿಲವಾದ, ತೆಳು ಬಣ್ಣದ, ಪೂರ್ತಿ ತೋಳಿನ ಕಾಟನ್ ಶರ್ಟಿಗೆ ಸಮ ಯಾವುದೂ ಇಲ್ಲ. ಬೆವರು ಕುಡಿದು ತಂಪು ಕೊಡುತ್ತದೆ. ಒಣ ಬಿಸಿಲಲ್ಲಿ ಅದು ಗುಣ, ಮಳೆಯಲ್ಲಿ ಅದೇ ದೋಷ.

ಮಳೆಗೆ ಏನು ಹಾಕಿಕೊಳ್ಳುವುದು

ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ.ಗೂ ಮೀರಿ ಮಳೆ ಬೀಳುತ್ತದೆ. ಅಂಥ ಸೀಮೆಯಲ್ಲಿ ಐದು ಗಂಟೆ ನಡೆದು ಒಣಗಿಕೊಂಡೇ ಬರುತ್ತೇನೆ ಅನ್ನುವ ಆಸೆ ಬಿಟ್ಟುಬಿಡಿ. ರೇನ್‌ಕೋಟಿನ ಒಳಗೆ ಬೆವರಿನಿಂದಲೇ ನೆನೆಯುತ್ತೀರಿ. ನಿಜವಾಗಿ ಬೇಕಾದದ್ದು ಗಾಳಿಯನ್ನು ತಡೆಯುವ ಹೊದಿಕೆ. ಒದ್ದೆಯಾದರೂ ಮೈ ಬೆಚ್ಚಗಿದ್ದರೆ ನಡೆಯಬಹುದು.

ಕೊಳ್ಳುವಾಗ ಹೊಲಿಗೆ ನೋಡಿ. ಸೂಜಿ ಹೋದ ಕಡೆಯೆಲ್ಲ ತೂತು, ತೂತಿದ್ದ ಕಡೆಯೆಲ್ಲ ನೀರು. ಒಳ್ಳೆಯ ರೇನ್‌ಕೋಟಿನಲ್ಲಿ ಒಳಗಡೆ ಪ್ರತಿ ಹೊಲಿಗೆಯ ಮೇಲೂ ಹೊಳೆಯುವ ಟೇಪು ಅಂಟಿಸಿರುತ್ತಾರೆ. ಭುಜ ಮತ್ತು ಟೋಪಿಯ ಹೊಲಿಗೆಯ ಮೇಲೆ ಟೇಪು ಇಲ್ಲದಿದ್ದರೆ ಬಟ್ಟೆ ಎಷ್ಟೇ ಚೆನ್ನಾಗಿದ್ದರೂ ಬೇಡ. ಹಾಗೇ, ಮನೆಯಲ್ಲಿ ಹರಿದ ರೇನ್‌ಕೋಟನ್ನು ಸುಮ್ನೆ ದಾರದಲ್ಲಿ ಹೊಲಿಯಬೇಡಿ. ಒಳಗಡೆಯಿಂದ ಟೇಪು ಅಂಟಿಸಿ. ಕೆಲವು ಕೋಟುಗಳ ಮೇಲೆ 2000 ಮಿ.ಮೀ., 5000 ಮಿ.ಮೀ. ಅಂತ ಬರೆದಿರುತ್ತದೆ. ಆ ಬಟ್ಟೆಯ ಮೇಲೆ ಅಷ್ಟು ಎತ್ತರ ನೀರು ನಿಂತರೂ ತಡೆದುಕೊಳ್ಳುತ್ತದೆ ಅಂತ ಅರ್ಥ. ಬ್ಯಾಗಿನ ಪಟ್ಟಿ ಭುಜವನ್ನು ಒತ್ತುವ ಜಾಗದಲ್ಲಿ ನೀರು ಜೋರಾಗಿ ಒಳನುಗ್ಗುತ್ತದೆ. ಅದಕ್ಕೇ ನಮ್ಮ ಮಳೆಗೆ 5000ಕ್ಕಿಂತ ಕಡಿಮೆಯದನ್ನು ನಾನು ತೆಗೆದುಕೊಳ್ಳುವುದಿಲ್ಲ. ಕಂಕುಳಲ್ಲಿ ಜಿಪ್ ಇದ್ದರೆ ಇನ್ನೂ ಒಳ್ಳೆಯದು, ಏರುವಾಗ ತೆರೆದಿಡಬಹುದು.

ಕಾಡೊಳಗಿನ ದಾರಿಗೆ ಬ್ಯಾಗಿನ ಸಮೇತ ಮುಚ್ಚುವ ಪೊಂಚೊ ಚೆನ್ನ. ಕೆಳಗಿಂದ ಗಾಳಿಯಾಡುತ್ತದೆ. ಕುದುರೆಮುಖದಂಥ ಹುಲ್ಲುಗಾವಲಲ್ಲಿ ಅದೇ ಪೊಂಚೊ ಪಟಪಟ ಹಾರಿ ಮುಖಕ್ಕೆ ಬಡಿಯುತ್ತದೆ, ಕಾಲಿಡುವ ಜಾಗ ಕಾಣುವುದಿಲ್ಲ. ಅಲ್ಲಿಗೆ ಕೋಟೇ ಆಗಬೇಕು.

ನಮ್ಮಜ್ಜ ಗದ್ದೆಗೆ ಕಂಬಳಿ ಕೊಪ್ಪೆ ಹಾಕಿಕೊಂಡು ಹೋಗುತ್ತಿದ್ದರು. ಕಂಬಳಿಯ ಒಂದು ಮೂಲೆ ಮಡಚಿ ತಲೆಗೆ ಟೋಪಿಯಂತೆ ಹಾಕಿಕೊಂಡರೆ ಬೆನ್ನು ಪೂರ್ತಿ ಮುಚ್ಚುತ್ತಿತ್ತು. ಸಸಿ ನೆಡುವ ಹೆಂಗಸರು ಬಗ್ಗಿ ಕೆಲಸ ಮಾಡಲು ಬಿದಿರು, ಎಲೆಯಿಂದ ಹೆಣೆದ ಗೊರಬನ್ನು ಬೆನ್ನಿಗೆ ಹಾಕುತ್ತಿದ್ದರು. ಉಣ್ಣೆಯ ಎಳೆ ಗುಂಗುರು ಗುಂಗುರಾಗಿರುತ್ತದೆ. ಆ ಗುಂಗುರಿನ ನಡುವೆ ಗಾಳಿ ಉಳಿಯುತ್ತದೆ. ಅದಕ್ಕೇ ನೆನೆದರೂ ಕಂಬಳಿ ಬೆಚ್ಚಗೆ. ಚಾರಣಕ್ಕೆ ಕಂಬಳಿ ಹೊರಲು ಭಾರ, ನಿಜ. ಆದರೆ ಒಂದು ತೆಳು ಉಣ್ಣೆಯ ಸ್ವೆಟರೋ, ಫ್ಲೀಸ್ ಜಾಕೆಟ್ಟೋ ಆ ಕೊಪ್ಪೆಯ ಕೆಲಸವನ್ನೇ ಮಾಡುತ್ತದೆ. ಅದನ್ನು ನಡೆಯುವಾಗ ಹಾಕಬೇಡಿ. ಮೇಲೆ ಹೋಗಿ ನಿಂತ ಕೂಡಲೇ, ಚಳಿ ಶುರುವಾಗುವ ಮೊದಲೇ, ಮಳೆಯ ಕೋಟಿನ ಒಳಗೆ ಹಾಕಿಕೊಳ್ಳಿ. ನಡುಕ ಬಂದ ಮೇಲೆ ಜಿಪ್ ಎಳೆಯಲೂ ಕೈ ಕೇಳುವುದಿಲ್ಲ. ನಾನು ಅದನ್ನು ಕಣ್ಣಾರೆ ನೋಡಿದ್ದೇನೆ.

ಬೆವರು ಎಳೆಯುವ ತೆಳು ಅಂಗಿ ಮೈಗೆ, ನಡುವೆ ಬೆಚ್ಚನೆಯದು, ಹೊರಗೆ ಗಾಳಿ ಮಳೆ ತಡೆಯುವುದು. ಡಿಸೆಂಬರಿನಲ್ಲಿ ಉತ್ತರಾಖಂಡದ ಕೇದಾರಕಂಠದ ಹಿಮಕ್ಕೆ ಹೋಗುವವರಿಗೂ ಲೆಕ್ಕ ಇದೇ. ನಡುವಿನ ಪದರ ದಪ್ಪವಾಗುತ್ತದೆ ಅಷ್ಟೆ.

ಉಂಬಳಕ್ಕೆ ಹೊಲಿಯುವ ಕಾಲುಚೀಲ

ಉಂಬಳಕ್ಕೆ, ಅಂದರೆ ಕಾಡಿನ ಜಿಗಣೆಗೆ, ಹೆದರಿ ಗುಡ್ಡ ಬಿಟ್ಟವರು ಬಹಳ ಜನ. ಇದಕ್ಕೆ ಹತ್ತಿ ಬಟ್ಟೆಯೇ ಬೇಕು, ಅದೂ ಒತ್ತಾಗಿ ನೇಯ್ದದ್ದು. ಮಾಮೂಲಿ ಸಾಕ್ಸ್ ಹೆಣೆದ ಬಟ್ಟೆ. ಕಾಲಿಗೆ ಹಾಕಿದಾಗ ಹಿಗ್ಗಿ ಕಣ್ಣು ಕಣ್ಣಾಗುತ್ತದೆ, ಸಣ್ಣ ಉಂಬಳ ಅದರಲ್ಲಿ ಬಾಯಿ ತೂರಿಸುತ್ತದೆ. ನಾನು ದಪ್ಪ ಪಾಪ್ಲಿನ್ ಅಥವಾ ಕೋರಾ ಬಟ್ಟೆಯಲ್ಲಿ ಹೊಲಿಯುತ್ತೇನೆ.

ಒಂದು ಜೊತೆಗೆ ಒಂದೂವರೆ ಮೀಟರ್ ಬಟ್ಟೆ ಧಾರಾಳ. ಮೊದಲು ರಾತ್ರಿಯಿಡೀ ನೆನೆಸಿ ಒಣಗಿಸಿ, ಇಲ್ಲದಿದ್ದರೆ ಹೊಲಿದ ಮೇಲೆ ಕುಗ್ಗುತ್ತದೆ. ಪ್ಯಾಂಟ್ ಹಾಕಿಕೊಂಡೇ ಅಳತೆ ತೆಗೆಯಿರಿ. ಅಂಗಾಲಿನಿಂದ ಮಂಡಿಯ ಕೆಳಗಿನವರೆಗಿನ ಉದ್ದಕ್ಕೆ ಮೂರು ಇಂಚು ಸೇರಿಸಿ. ಮೀನಖಂಡದ ಸುತ್ತಳತೆಗೆ ಎರಡು ಇಂಚು, ಹಿಮ್ಮಡಿಯಿಂದ ಕಣಕಾಲು ಸುತ್ತುವ ಅಳತೆಗೂ ಎರಡು ಇಂಚು ಸೇರಿಸಿ. ಕಾಲು ಒಳಗೆ ಹೋಗಬೇಕಲ್ಲ. ಕಾಗದದ ಮೇಲೆ ಪಕ್ಕದಿಂದ ನೋಡಿದ ಬೂಟಿನ ಆಕಾರ ಬರೆದು, ಒಂದು ಕಾಲಿಗೆ ಎರಡರಂತೆ ನಾಲ್ಕು ತುಂಡು ಕತ್ತರಿಸಿ. ಹೊಲಿಗೆ ಅಂಗಾಲಿನ ನಡುವೆ ಬಂದರೆ ಬೊಕ್ಕೆ ಏಳುತ್ತದೆ. ಅದಕ್ಕೇ ಅಂಗಾಲಿಗೆ ಬೇರೆಯೇ ತುಂಡು ಕತ್ತರಿಸಿ ಸುತ್ತ ಹೊಲಿಯುವುದು ಒಳ್ಳೆಯದು. ಹೊಲಿಗೆಯ ಅಂಚು ಹೊರಗಡೆ ಇರಲಿ, ನೋಡಲು ಚೆಂದ ಕಾಣದಿದ್ದರೂ ಪರವಾಗಿಲ್ಲ. ಎರಡು ಸಾಲು ಹೊಲಿಗೆ ಹಾಕಿ. ಮೇಲಿನ ಅಂಚನ್ನು ಮಡಚಿ ಲಾಡಿ ಸೇರಿಸಿ.

ಹಾಕುವ ಕ್ರಮ ಹೀಗೆ: ಒಳಗೆ ಮಾಮೂಲಿ ಸಾಕ್ಸ್, ಪ್ಯಾಂಟಿನ ಕಾಲು ಅದರ ಮೇಲೆ, ಅದರ ಮೇಲೆ ಈ ಚೀಲ, ಆಮೇಲೆ ಬೂಟು. ಲಾಡಿಯನ್ನು ಬಿಗಿಯಾಗಿ ಕಟ್ಟಬೇಡಿ, ರಕ್ತ ಓಡಾಡಬೇಕು. ಮೇಲಿನ ಅಂಚಿಗೆ ನಮ್ಮ ಕಡೆ ಸುಣ್ಣ, ಹೊಗೆಸೊಪ್ಪಿನ ನೀರು ಅಥವಾ ಉಪ್ಪು ಹಚ್ಚುತ್ತಾರೆ. ಜೋರು ಮಳೆಗೆ ಅದು ತೊಳೆದುಹೋಗುತ್ತದೆ, ಬಟ್ಟೆ ಉಳಿಯುತ್ತದೆ. ಬಣ್ಣ ಬಿಳಿ ಅಥವಾ ತೆಳುವಾಗಿದ್ದರೆ ಏರುತ್ತಿರುವ ಉಂಬಳ ಕಣ್ಣಿಗೆ ಬೀಳುತ್ತದೆ, ಕೈಯಲ್ಲಿ ತೆಗೆದು ಎಸೆಯಬಹುದು.

ಮಳೆ ನಿಂತ ಮೇಲೂ ಈ ಚೀಲ ಎತ್ತಿಡಬೇಡಿ. ಇದನ್ನು ಸ್ವಲ್ಪ ಒತ್ತಿ ಹೇಳುತ್ತೇನೆ. ಡಿಸೆಂಬರಿನಿಂದ ಮೇ ತನಕ ನಮ್ಮ ಕಾಡಿನಲ್ಲಿ ಉಣುಗಿನ (ಮೈಗೆ ಕಚ್ಚಿ ರಕ್ತ ಹೀರುವ ಸಣ್ಣ ಹುಳದ) ಕಾಟ. ಉಣುಗಿನಿಂದ ಮಂಗನ ಕಾಯಿಲೆ ಅನ್ನುವ ಜ್ವರ ಬರುತ್ತದೆ. 1957ರಲ್ಲಿ ಇದನ್ನು ಮೊದಲು ಗುರುತಿಸಿದ್ದು ನಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2018-19ರಲ್ಲಿ ನಮ್ಮ ತಾಲ್ಲೂಕಿನ ಅರಳಗೋಡಿನಲ್ಲಿ ಜನ ಸತ್ತರು. ಆ ಬೇಸಿಗೆಯಲ್ಲಿ ಸೊಪ್ಪು, ದರಗು (ಉದುರಿದ ಒಣ ಎಲೆ) ತರಲು ಕಾಡಿಗೆ ಹೋಗಲು ಹೆಂಗಸರು ಹೆದರುತ್ತಿದ್ದರು. ಹಾಗಾಗಿ ಚಳಿಗಾಲ ಬೇಸಿಗೆಯಲ್ಲಿ ಮಲೆನಾಡಿನ ಕಾಡಿಗೆ ಬರುವವರು ದಯವಿಟ್ಟು ಚಡ್ಡಿ ಹಾಕಿಕೊಂಡು ಬರಬೇಡಿ. ಪೂರ್ತಿ ತೋಳು, ಪೂರ್ತಿ ಕಾಲು, ಅಂಗಿ ಪ್ಯಾಂಟಿನೊಳಗೆ, ಪ್ಯಾಂಟು ಚೀಲದೊಳಗೆ. ದರಗಿನ ಮೇಲೆ ಕೂರಬೇಡಿ. ಇಲ್ಲಿನ ಆರೋಗ್ಯ ಕೇಂದ್ರಗಳಲ್ಲಿ ಉಣುಗನ್ನು ದೂರ ಇಡುವ ಡೆಪಾ ಎಣ್ಣೆ ಕೊಡುತ್ತಾರೆ, ಕೇಳಿ ತೆಗೆದುಕೊಂಡು ತೆರೆದ ಕೈಕಾಲಿಗೆ ಹಚ್ಚಿ. ಮಂಗ ಸತ್ತ ಸುದ್ದಿ ಇರುವ ಕಾಡಿಗೆ ಹೋಗಲೇಬೇಡಿ. ವಾಪಸ್ ಬಂದ ದಿನವೇ ಬಟ್ಟೆಯನ್ನು ಬಿಸಿ ನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ, ಕಂಕುಳು, ಮಂಡಿಯ ಹಿಂದೆ, ಕಿವಿಯ ಹಿಂದೆ ಹುಡುಕಿ.

ಹೆಣ್ಣುಮಕ್ಕಳಿಗೆ ಎರಡು ಮಾತು

ಚೂಡಿದಾರ್ ಹಾಕಿಕೊಂಡು ಹತ್ತಬಹುದಾ ಅಂತ ನನ್ನ ವಯಸ್ಸಿನವರು ಕೇಳುತ್ತಾರೆ. ಹತ್ತಬಹುದು. ಟಾಪು ಮಂಡಿಯ ಮೇಲೆ ನಿಲ್ಲಲಿ, ಪಕ್ಕದ ಸೀಳು ಉದ್ದವಾಗಿರಲಿ, ಬಟ್ಟೆ ಸಿಂಥೆಟಿಕ್ ಇರಲಿ. ದುಪಟ್ಟಾ ಮಾತ್ರ ಬೇಡ, ಮುಳ್ಳಿಗೆ ಸಿಕ್ಕಿ ಕುತ್ತಿಗೆ ಎಳೆಯುತ್ತದೆ. ಮುಚ್ಚಿಕೊಂಡಂತೆ ಅನ್ನಿಸಬೇಕು ಅಂದರೆ ಜೇಬಿರುವ ತೆಳು ಓವರ್‌ಕೋಟು ಹಾಕಿ. ಪ್ಯಾಂಟಿಗೆ ಲಾಡಿ ಬದಲು ಅಗಲ ಇಲಾಸ್ಟಿಕ್ ಹಾಕಿಸಿ. ಬ್ಯಾಗಿನ ಸೊಂಟದ ಪಟ್ಟಿಯ ಕೆಳಗೆ ಲಾಡಿಯ ಗಂಟು ಸಿಕ್ಕಿದರೆ ಸಂಜೆಗೆ ಹೊಟ್ಟೆ ಕೆಂಪಾಗುತ್ತದೆ. ಒಳಉಡುಪಿನ ಬಗ್ಗೆ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಹೊರಗೆ ಎಷ್ಟೇ ದುಡ್ಡಿನ ಬಟ್ಟೆ ಹಾಕಿ, ಒಳಗೆ ಕಾಟನ್ ಬ್ರಾ ನೆನೆದು ಕೂತರೆ ಎದೆಯೇ ತಣ್ಣಗಾಗುತ್ತದೆ. ಬೇಗ ಒಣಗುವ ಸ್ಪೋರ್ಟ್ಸ್ ಬ್ರಾ ತೆಗೆದುಕೊಳ್ಳಿ. ತೊಡೆ ಉಜ್ಜುವವರು ಪ್ಯಾಂಟಿನ ಒಳಗೆ ಮಂಡಿಯವರೆಗಿನ ಬಿಗಿ ಚಡ್ಡಿ ಹಾಕಿ, ಹೊರಡುವ ಮುಂಚೆ ಕೊಬ್ಬರಿ ಎಣ್ಣೆ ಹಚ್ಚಿ. ಇದು ಗಂಡಸರಿಗೂ ಅನ್ವಯ.

ಬೂಟಿನ ಬಗ್ಗೆ ಬೇರೆಯವರು ಬೇಕಾದಷ್ಟು ಹೇಳುತ್ತಾರೆ. ನಾನು ಇಷ್ಟು ಹೇಳುತ್ತೇನೆ: ಸಂಜೆ ಹೊತ್ತು ಕೊಳ್ಳಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಉಂಬಳದ ಚೀಲ ಹಾಕಿಕೊಂಡೇ ಅಳತೆ ನೋಡಿ. ಕಾಲುಬೆರಳಿನ ಉಗುರು ಎರಡು ದಿನ ಮುಂಚೆ ಕತ್ತರಿಸಿ, ಇಳಿಯುವಾಗ ಬೆಳೆದ ಉಗುರು ಬೂಟಿಗೆ ಒತ್ತಿ ನೋವಾಗುತ್ತದೆ.

ರಾತ್ರಿ ಉಳಿಯುವವರಿಗೆ ಒಂದು ನಿಯಮ. ದಾರಿಯಲ್ಲಿ ಒಂದು ರಾತ್ರಿ ಮಲಗುತ್ತೀರಿ ಅಂದುಕೊಳ್ಳಿ. ಒಂದು ಜೊತೆ ಒಣ ಬಟ್ಟೆ, ಒಂದು ಜೊತೆ ಒಣ ಸಾಕ್ಸ್, ಒಂದು ಪಾಣಿಪಂಚೆ ಇಷ್ಟನ್ನು ಹೊಸ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಕಟ್ಟಿ ಬ್ಯಾಗಿನ ತಳಕ್ಕೆ ಹಾಕಿ. ಬ್ಯಾಗಿನ ಮೇಲಿನ ಕವರನ್ನು ನಂಬಬೇಡಿ, ಬೆನ್ನಿನ ಕಡೆಯಿಂದ ನೀರು ಇಳಿಯುತ್ತದೆ. ಆ ಚೀಲ ಬಿಚ್ಚುವುದು ಸೂರಿನ ಕೆಳಗೆ ಮಾತ್ರ. ಬೆಳಿಗ್ಗೆ ಎದ್ದು ಒಣ ಬಟ್ಟೆ ಬಿಚ್ಚಿಟ್ಟು ನಿನ್ನೆಯ ಒದ್ದೆ ಬಟ್ಟೆಯನ್ನೇ ಮತ್ತೆ ಹಾಕಿಕೊಳ್ಳಬೇಕು. ಕಷ್ಟ ಅನ್ನಿಸುತ್ತದೆ, ಗೊತ್ತು. ಬಟ್ಟೆ ಪಾಲಿಯೆಸ್ಟರ್ ಆದರೆ ಹತ್ತು ನಿಮಿಷ ನಡೆದರೆ ಮೈಯ ಬಿಸಿಗೆ ಸರಿಹೋಗುತ್ತದೆ. ಒಣ ಜೊತೆಯನ್ನು ಮಳೆಗೆ ಒಡ್ಡಿದರೆ ಎರಡನೇ ರಾತ್ರಿಗೆ ಏನೂ ಉಳಿಯುವುದಿಲ್ಲ.

ಮನೆಗೆ ಬಂದು ಒಗೆಯುವಾಗ ಪಾಲಿಯೆಸ್ಟರ್ ಬಟ್ಟೆಗೆ ಮೃದು ಮಾಡುವ ಸುವಾಸನೆಯ ದ್ರವ ಹಾಕಬೇಡಿ. ಅದು ಎಳೆಯ ಮೇಲೆ ಪದರ ಕಟ್ಟುತ್ತದೆ, ಆಮೇಲೆ ಬಟ್ಟೆ ಬೆವರು ಎಳೆಯುವುದಿಲ್ಲ. ಸ್ವಲ್ಪ ಸೋಪು, ಜಾಸ್ತಿ ನೀರು ಸಾಕು. ರೇನ್‌ಕೋಟನ್ನು ಒದ್ದೆಯಾಗಿ ಮಡಚಿಟ್ಟರೆ ಒಳಗಿನ ಟೇಪು ಸುಲಿಯುತ್ತದೆ. ನೆರಳಲ್ಲಿ ತೂಗುಹಾಕಿ. ಉಂಬಳದ ಚೀಲವನ್ನು ಮಾತ್ರ ಮನೆಯೊಳಗೆ ತರುವ ಮೊದಲು ಅಂಗಳದಲ್ಲೇ ತಿರುವಿ, ಹೊಲಿಗೆಯ ಮಡಿಕೆಯನ್ನು ಬೆರಳಲ್ಲಿ ಬಿಡಿಸಿ ನೋಡಿ. ಒಂದೆರಡು ಅಲ್ಲೇ ಅಡಗಿ ಕೂತಿರುತ್ತವೆ.